‘ರಾಜಿ’: ಒಂದು ಆಟದ ವಿಮರ್ಶೆ

‘ಆಟ’ ಎಂಬ ಮಾತನ್ನು ನಮ್ಮ ಜನ ಹಗುರವಾಗಿ ಬಳಸಿದವರಲ್ಲ. ಬಯಲಾಟ, ತೊಗಲುಗೊಂಬೆಯಾಟ ಇವೆಲ್ಲವೂ ಆಟಗಳೇ. ಇರುಳೆಲ್ಲ ಎಚ್ಚರಿದ್ದು ನೋಡಿ, ಕಣ್ಣೊರೆಸಿಕೊಂಡು ಮನೆಗೆ ಮರಳುವ ಆಟಗಳು. ಆದಕಾರಣ ಪುಣೆಯ ‘ನಾಡಿಂಗ್ ಹೆಡ್ಸ್ ಗೇಮ್ಸ್’ ಎಂಬ ಪುಟ್ಟ ಸ್ವತಂತ್ರ ತಂಡವು 2020ರಲ್ಲಿ ಹೊರತಂದ ‘ರಾಜಿ’ ಎಂಬ ವಿಡಿಯೋ ಆಟವನ್ನು ಕಾವ್ಯನಾಟಕಗಳ ಅಳತೆಗೋಲಿನಿಂದಲೇ ಅಳೆಯಲು ನಾವು ಹಿಂಜರಿಯುವುದಿಲ್ಲ.

ಈ ತಂಡವು 2017ರಲ್ಲಿ ಸಾರ್ವಜನಿಕರಿಂದ ವಂತಿಗೆ ಎತ್ತಲು ಯತ್ನಿಸಿ ಸೋತಿತು. ಕೆಲಸವನ್ನು ಮಾತ್ರ ಬಿಡಲಿಲ್ಲ. ಮೂರು ವರ್ಷಗಳ ತರುವಾಯ ಆಟವು ಮೊದಲು ಜಪಾನಿನ ನಿಂಟೆಂಡೊ ಯಂತ್ರದ ಮೇಲೆ ಬೆಳಕು ಕಂಡಿತು.

ಕಥೆ ಸರಳವಾದುದು. ಅಸುರರು ಬಾಲಕ ಗೋಲುವನ್ನು ಅಪಹರಿಸುತ್ತಾರೆ. ಸರ್ಕಸ್ಸಿನ ಹುಡುಗಿಯಾದ ಅಕ್ಕ ರಾಜಿ, ದುರ್ಗೆಯಿತ್ತ ತ್ರಿಶೂಲವನ್ನು ಹಿಡಿದು ಮಹಾಬಲಾಸುರನ ಬೆನ್ನು ಹತ್ತುತ್ತಾಳೆ. ರಾಜಸ್ಥಾನದ ಕೋಟೆಗಳೂ ಬಾಲಿ ದ್ವೀಪದ ಗುಡಿಗಳೂ ಇಲ್ಲಿ ಒಂದೇ ಲೋಕವಾಗಿವೆ. ನಡುನಡುವೆ ಕಥೆಯನ್ನು ಮುಂದುವರಿಸುವುದು ನೆರಳುಗೊಂಬೆಗಳು. ಸಂಗೀತ ಗ್ರೀಸಿನ ಲಿನೊಸ್ ಟ್ಜೆಲೊಸ್ ಅವರದು. ಸಿತಾರು ತಂಬೂರಿಗಳ ಊರಾದ ಮಿರಜದ ಕಿವಿಗೂ ಅದು ಪರಕೀಯವೆನಿಸದು.

ಕೃತಿಯ ಜೀವಾಳವಿರುವುದು ಯುದ್ಧದಲ್ಲಲ್ಲ. ಚೂರಾದ ಚಕ್ರಚಿತ್ರಗಳನ್ನು ಆಡುವವನು ತಿರುಗಿಸಿ ತಿರುಗಿಸಿ ಹೊಂದಿಸಿದಾಗ ಅಕ್ಕತಮ್ಮಂದಿರ ಬಾಲ್ಯದ ಒಂದು ನೆನಪು ಮೂಡುತ್ತದೆ. ಇಲ್ಲಿ ನೆನಪನ್ನು ಯಾರೂ ಹೇಳುವುದಿಲ್ಲ; ನಮ್ಮ ಕೈಯೇ ಅದನ್ನು ಕೂಡಿಸುತ್ತದೆ. ಓದುವ ಕಾವ್ಯಕ್ಕಾಗಲಿ ನೋಡುವ ನಾಟಕಕ್ಕಾಗಲಿ ಎಟುಕದ ಸಾಧನವಿದು.

ಇಷ್ಟು ಬಲ್ಲವರು ಉಳಿದೆಡೆ ಅದನ್ನು ಮರೆತದ್ದೇಕೆ? ದುರ್ಗೆಯೂ ವಿಷ್ಣುವೂ ಮೇಲಿನಿಂದ ಎಡೆಬಿಡದೆ ಮಾತನಾಡುತ್ತಾರೆ. ಭಾಗವತನು ಕಥೆಯನ್ನು ನಡೆಸಬೇಕು ನಿಜ. ಪಾತ್ರವು ಅಳುವಾಗ ಅವನು ಸುಮ್ಮನಿರಲೂ ಬೇಕು. ಈ ಮಾತುಗಳ ನಡುವೆ ರಾಜಿಯ ದುಃಖ ಬಡವಾಗಿದೆ. ಕೊನೆಯಂತೂ ಹಠಾತ್ತನೆ ಕಡಿದುಹೋಗುತ್ತದೆ. ಮಂಗಳ ಹಾಡದೆ ಪರದೆ ಇಳಿಸಿದಂತಾಗಿದೆ.

ಇನ್ನೊಂದು ಮಾತು. ಈ ದೇವತೆಗಳು ಮೊದಲು ಇಂಗ್ಲಿಷಿನಲ್ಲಿ ನುಡಿದರು. 2022ರ ಪರಿಷ್ಕೃತ ಆವೃತ್ತಿಯಲ್ಲಿ ಹಿಂದಿಯಲ್ಲಿ ನುಡಿದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುವ ನಮ್ಮ ಗಡಿಯ ಮಕ್ಕಳು ದುರ್ಗೆಯನ್ನು ಮೂರನೆಯ, ನಾಲ್ಕನೆಯ ಭಾಷೆಯಲ್ಲಿ ಕೇಳಬೇಕಾಗಿದೆ. ಇದಕ್ಕೆ ಪುಣೆಯವರನ್ನು ದೂರುವುದು ತರವಲ್ಲ. ಅವರು ತಮ್ಮ ಕೈಲಾದುದನ್ನು ಮಾಡಿದ್ದಾರೆ. ನೆರಳುಗೊಂಬೆ ನಮ್ಮಲ್ಲಿಯೂ ಇದೆ, ಕಥೆಯೂ ಇದೆ. ಆ ಕಥೆಯನ್ನು ನಮ್ಮ ನುಡಿಯಲ್ಲಿ ಆಡಿಸುವ ಕೈ ಎಲ್ಲಿದೆಯೆಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕಾಗಿದೆ.