‘ಸಿಗಡಿ ಯಾಕೆ ಒಣಗಲಿಲ್ಲ’ ಎಂದು ಓದುವುದು: ಗಡಿಯ ತರಗತಿಯಲ್ಲಿ ಒಂದು ಸರಪಳಿ ಕಥೆ

ನನ್ನ ದನಿ ಕೇಳ್ತಾ ಉಂಟು ಅಂದುಕೊಳ್ಳುತ್ತೇನೆ. ಹಿಂದೆ ಮಾತಾಡಿದ ಇಬ್ಬರೂ ಗಡಿನಾಡಿನ ಕಾದಂಬರಿ, ಕಾವ್ಯ ಅಂತ ದೊಡ್ಡ ವಿಷಯ ಎತ್ತಿಕೊಂಡರು. ನನ್ನದು ಬಹಳ ಚಿಕ್ಕ ವಿಷಯ. ಒಂದು ಪುಟ ದಾಟದ ಒಂದು ಮಕ್ಕಳ ಕಥೆ. ಆದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಆ ಒಂದು ಪುಟವನ್ನು ಓದಲಾರದೆ ಹೋದರೆ, ಕಾದಂಬರಿಗೆ ಮುಂದೆ ಓದುಗರೇ ಇರುವುದಿಲ್ಲ. ಹಾಗಾಗಿ ಇದು ವಿಮರ್ಶೆಯ ವಿಷಯವೂ ಹೌದು ಅಂತ ನನ್ನ ನಂಬಿಕೆ.

ಕಥೆ ನಿಮಗೆಲ್ಲ ಗೊತ್ತಿರುವುದೇ: ‘ಸಿಗಡಿ ಯಾಕೆ ಒಣಗಲಿಲ್ಲ’. ಮುದ್ರಣದಲ್ಲಿ ಅದನ್ನು ನಮ್ಮ ಕರಾವಳಿಗೆ ಪರಿಚಯಿಸಿದವರು ಪಂಜೆ ಮಂಗೇಶರಾಯರು (1874–1937). ಬಾಯಲ್ಲಿ ಅದು ಅದಕ್ಕೂ ಹಳೆಯದು. ಕೊಂಡಿಗಳು ಹೇಳುವವರಿಂದ ಹೇಳುವವರಿಗೆ ಬದಲಾಗುತ್ತವೆ. ನಾನು ಇವತ್ತು ಇಟ್ಟುಕೊಂಡಿರುವುದು ನಮ್ಮಜ್ಜಿ ಹೇಳುತ್ತಿದ್ದ ಸರಪಳಿ. ಸಿಗಡಿ ಒಣಗಲಿಲ್ಲ, ಯಾಕೆಂದರೆ ಹುಲ್ಲು ಅಡ್ಡ ಬಂತು. ಹುಲ್ಲು ಅಡ್ಡ ಬಂದದ್ದು ದನ ತಿನ್ನಲಿಲ್ಲವೆಂದು. ದನ ತಿನ್ನದ್ದು ಹುಡುಗ ಹಗ್ಗ ಬಿಚ್ಚಲಿಲ್ಲವೆಂದು. ಹುಡುಗ ಬಿಚ್ಚದ್ದು ಅಜ್ಜಿ ಗಂಜಿ ಬಡಿಸಲಿಲ್ಲವೆಂದು. ಅಜ್ಜಿ ಬಡಿಸದ್ದು ಮಗು ಅತ್ತಿತೆಂದು. ಮಗು ಅತ್ತದ್ದು ಇರುವೆ ಕಚ್ಚಿತೆಂದು. ಇರುವೆಯನ್ನು ಕೇಳಿದರೆ, ನನ್ನ ಗೂಡಿಗೆ ಬೆರಳು ಹಾಕಿದರೆ ಸುಮ್ಮನಿರಲಾ ಅನ್ನುತ್ತದೆ. ಅಲ್ಲಿಗೆ ಮುಗಿಯಿತು.

ಒಂದು ಎಡವು

ಎಂ.ಎ. ಮೊದಲ ವರ್ಷದಲ್ಲಿ ನಾನು ಮನೆ ಹತ್ತಿರದ ಆರು ಮಕ್ಕಳಿಗೆ ಸಂಜೆ ಓದಿಸುತ್ತಿದ್ದೆ. ಎಲ್ಲರೂ ಕನ್ನಡ ಮಾಧ್ಯಮದವರು. ಮನೆಮಾತು ಕೇಳಿದರೆ ಇಬ್ಬರದು ತುಳು, ಇಬ್ಬರದು ಬ್ಯಾರಿ, ಒಬ್ಬಳದು ಮಲಯಾಳ, ಒಬ್ಬನದು ಹವ್ಯಕ ಕನ್ನಡ. ಈ ಕಥೆಯನ್ನು ನಾನೇ ದೊಡ್ಡ ಅಕ್ಷರದಲ್ಲಿ ಬರೆದು ಓದಲು ಕೊಟ್ಟೆ. ಮಲಯಾಳ ಮನೆಮಾತಿನ ಹುಡುಗಿ, ಮೂರನೇ ತರಗತಿ, ಬಹಳ ಚುರುಕಾಗಿ ಓದುತ್ತಾ ಹೋದಳು. ಒಣಗಲಿಲ್ಲ, ತಿನ್ನಲಿಲ್ಲ, ಬಿಚ್ಚಲಿಲ್ಲ, ಬಡಿಸಲಿಲ್ಲ. ಮುಂದಿನ ಸಾಲಿಗೆ ಬಂದು “ಮಗು ಅಳಲಿಲ್ಲ” ಅಂದಳು.

ಹಾಳೆಯಲ್ಲಿ ಇದ್ದದ್ದು ‘ಅತ್ತಿತು’. ತಪ್ಪು ಅಂತ ಬಾಯಿ ತೆರೆಯುವ ಮೊದಲೇ ಅವಳು ನಿಂತಳು. ನನ್ನ ಮುಖ ನೋಡಿ ಕೇಳಿದಳು: “ಅಕ್ಕಾ, ಮಗು ಅಳದಿದ್ರೆ ಅಜ್ಜಿ ಯಾಕೆ ಬಡಿಸ್ಲಿಲ್ಲ?” ಆಮೇಲೆ ಪುನಃ ಹಾಳೆ ನೋಡಿದಳು. ಬೆರಳಿಟ್ಟು, ಅ, ತ್ತಿ, ತು.

ಆ ಎಡವಿನಲ್ಲಿ ನನಗೆ ಮೂರು ವಿಷಯ ಒಟ್ಟಿಗೆ ಕಂಡವು. ಮೊದಲನೆಯದು, ಅವಳು ಅಲ್ಲಿಯವರೆಗೆ ಅಕ್ಷರ ನೋಡಿ ಓದುತ್ತಿರಲಿಲ್ಲ, ಅರ್ಧ ಊಹೆಯಲ್ಲಿ ಓದುತ್ತಿದ್ದಳು. ಎರಡನೆಯದು, ಆ ಊಹೆ ದಡ್ಡತನವಲ್ಲ. ‘ಅಳು’ ಎಂಬ ಧಾತುವಿಗೆ ‘ಅಲಿಲ್ಲ’ ಹಚ್ಚಿ ‘ಅಳಲಿಲ್ಲ’ ಅಂತ ಕಟ್ಟಿದ್ದಾಳೆ. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ, ಕಥೆಯೇ ಕಲಿಸಿತ್ತು. ಮೂರನೆಯದು, ತಪ್ಪನ್ನು ಹಿಡಿದದ್ದು ನಾನಲ್ಲ, ಕಥೆಯ ಅರ್ಥ. ಸರಪಳಿ ಕಡಿದುಹೋದದ್ದು ಅವಳಿಗೇ ಗೊತ್ತಾಯಿತು, ಅದಕ್ಕೇ ಅಕ್ಷರಕ್ಕೆ ಹಿಂದಿರುಗಿದಳು. ಅಕ್ಷರ ಬಿಡಿಸಿ ಓದುವುದು, ಅರ್ಥ ಮಾಡಿಕೊಳ್ಳುವುದು ಎಂದು ನಾವು ಎರಡು ಪೀರಿಯಡ್‌ಗಳಲ್ಲಿ ಮಾಡಿಸುವ ಕೆಲಸ ಆ ಒಂದು ಕ್ಷಣದಲ್ಲಿ ಒಂದೇ ಆಗಿತ್ತು.

ಕಥೆಯ ವ್ಯಾಕರಣ ನೋಡಿ. ಮೊದಲು ನಾಲ್ಕು ‘ಲಿಲ್ಲ’. ಮಗು ಬಂದ ಕೂಡಲೆ ನಿಷೇಧ ಹೋಗಿ ‘ಅತ್ತಿತು’, ‘ಕಚ್ಚಿತು’ ಬರುತ್ತವೆ. ಆಗದೆ ಹೋದ ಕೆಲಸಗಳ ಸರಪಳಿ ಆಗಿಹೋದ ಒಂದು ಘಟನೆಗೆ ತಾಗಿ ನಿಲ್ಲುತ್ತದೆ. ಇದು ಕಥೆಯ ತಿರುವು, ಓದಿನ ಪರೀಕ್ಷೆಯೂ ಹೌದು. ಬಾಯಿಪಾಠದಲ್ಲಿ ಓದುವ ಮಗು ಅಲ್ಲಿ ಎಡವಲೇಬೇಕು. ಸರಪಳಿ ಕಥೆ ಅಂದರೆ ಬರೇ ಪುನರಾವರ್ತನೆ, ನೆನಪಿಗೆ ಸುಲಭ ಅಂತ ನಾವು ಹೇಳಿಬಿಡುತ್ತೇವೆ. ನನಗೆ ಕಾಣುವುದು ಬೇರೆ: ಪುನರಾವರ್ತನೆಯಿಂದ ಧೈರ್ಯ ಕೊಟ್ಟು, ಸರಿಯಾದ ಜಾಗದಲ್ಲಿ ಅದನ್ನು ಮುರಿಯುವುದರಲ್ಲಿ ಇದರ ಜಾಣ್ಮೆ ಇದೆ.

ಒತ್ತಕ್ಷರದ ಲೆಕ್ಕ

ಕನ್ನಡ ಲಿಪಿ ಕಲಿಯುವುದು ಸುಲಭ, ಬರೆದಂತೆ ಓದುತ್ತೇವೆ ಅಂತ ಹೆಮ್ಮೆಯಿಂದ ಹೇಳುತ್ತೇವೆ. ಅದು ಅರ್ಧ ಸತ್ಯ. 34 ವ್ಯಂಜನಗಳಿಗೆ 13 ಸ್ವರ ಹಚ್ಚಿದರೆ 442 ರೂಪ. ಒತ್ತಕ್ಷರ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಸೋನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳ ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸುವುದೂ ಇದನ್ನೇ. ಅಕ್ಷರಜ್ಞಾನ ಒಂದನೇ ಎರಡನೇ ತರಗತಿಗೆ ಮುಗಿಯುವ ಕೆಲಸವಲ್ಲ, ನಾಲ್ಕನೆಯವರೆಗೂ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ.

ಈಗ ನಮ್ಮ ಕಥೆಯ ಒತ್ತಕ್ಷರಗಳನ್ನು ಎಣಿಸಿ. ಒಣಗಲಿಲ್ಲ, ಹುಲ್ಲು, ಅಡ್ಡ, ತಿನ್ನಲಿಲ್ಲ, ಹಗ್ಗ, ಬಿಚ್ಚಲಿಲ್ಲ, ಅಜ್ಜಿ, ಅತ್ತಿತು, ಕಚ್ಚಿತು. ಒಂದು ಬಿಡದೆ ಎಲ್ಲವೂ ಸಜಾತೀಯ. ವಿಜಾತೀಯ ಒತ್ತು ಒಂದೂ ಇಲ್ಲ. ಮಹಾಪ್ರಾಣವೂ ಒಂದಿಲ್ಲ. ‘ಬಂತು’, ‘ಗಂಜಿ’ ಎಂಬಲ್ಲಿ ಅನುಸ್ವಾರ ಆ ಭಾರವನ್ನು ಹೊತ್ತುಕೊಂಡಿದೆ. ಇದು ಯಾರೋ ಕೂತು ಯೋಜಿಸಿದ್ದಲ್ಲ. ಅಚ್ಚಗನ್ನಡದ ದಿನಬಳಕೆಯ ಮಾತುಗಳ ಸ್ವಭಾವವೇ ಹಾಗೆ. ಸಜಾತೀಯದಲ್ಲೂ ಎರಡು ಮೆಟ್ಟಿಲಿವೆ. ಗ್ಗ, ಡ್ಡ, ಚ್ಚ, ಜ್ಜ ಇಲ್ಲೆಲ್ಲ ಒತ್ತು ಮೂಲ ಅಕ್ಷರದ ಚಿಕ್ಕ ರೂಪದ ಹಾಗೆಯೇ ಕಾಣುತ್ತದೆ. ಲ್ಲ, ನ್ನ, ತ್ತ ಇಲ್ಲಿ ಒತ್ತಿನ ಮುಖವೇ ಬೇರೆ, ಕಣ್ಣಿಗೆ ಹೊಸದಾಗಿ ಕಲಿಸಬೇಕು. ‘ಲ್ಲ’ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬರುತ್ತದೆ, ಅಭ್ಯಾಸ ತಾನಾಗಿ ಆಗುತ್ತದೆ. ‘ತ್ತ’ ಬರುವುದು ಎಡವುವ ಆ ಜಾಗದಲ್ಲೇ.

ಇದರ ಪಕ್ಕಕ್ಕೆ ವಿಜ್ಞಾನದ ಪಾಠ ಇಡಿ. ನಮ್ಮಲ್ಲಿ ಭಾಷಾ ಪಠ್ಯ ಬಿಟ್ಟರೆ ಉಳಿದ ವಿಷಯಗಳ ಪುಸ್ತಕ ಅನುವಾದವಾಗಿ ಬರುತ್ತದೆ. ಅನುವಾದದ ಕನ್ನಡ ಸಂಸ್ಕೃತದ ಕಡೆಗೆ ವಾಲುತ್ತದೆ. ಹುಲ್ಲು ಮತ್ತು ಬಿಸಿಲಿನ ವಿಷಯವೇ ಅಲ್ಲಿ ‘ದ್ಯುತಿಸಂಶ್ಲೇಷಣೆ’ ಆಗುತ್ತದೆ. ‘ದ್ಯು’, ‘ಶ್ಲೇ’. ಮಗುವಿಗೆ ವಿಜ್ಞಾನ ಕಷ್ಟವಾದದ್ದೋ, ಒತ್ತಕ್ಷರ ಕಷ್ಟವಾದದ್ದೋ ಅಂತ ನಾವು ಬಿಡಿಸಿ ನೋಡುವುದಿಲ್ಲ. ವಿಜಾತೀಯ ಒತ್ತನ್ನು ದೂರ ಇಡಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿಗೆ ಮಗು ಹೋಗಲೇಬೇಕು. ಆದರೆ ಮೊದಲ ಮೆಟ್ಟಿಲು ಕಟ್ಟದೆ ಮೂರನೆಯದಕ್ಕೆ ಹತ್ತು ಅಂದರೆ ಹೇಗೆ?

ಇದೇ ಲೆಕ್ಕ ಇನ್ನೊಂದು ಪ್ರಶ್ನೆ ಎತ್ತುತ್ತದೆ. ಮಕ್ಕಳಿಗೆ ಹತ್ತಿರವಾಗಲಿ ಅಂತ ಕೆಲವರು ಆಡುಮಾತನ್ನೇ ಅಚ್ಚು ಹಾಕುತ್ತಾರೆ: ‘ತಿನ್ಲಿಲ್ಲ’, ‘ಬಿಚ್ಲಿಲ್ಲ’. ಕಿವಿಗೆ ಹತ್ತಿರ, ನಿಜ. ಕಣ್ಣಿಗೆ? ‘ನ್ಲಿ’, ‘ಚ್ಲಿ’ ಎರಡೂ ವಿಜಾತೀಯ. ಹೇಳುವಾಗ ಸರಳವಾದದ್ದು ಓದುವಾಗ ಗಂಟಾಗುತ್ತದೆ. ಆದ್ದರಿಂದ ನನ್ನ ಅನುಭವದಲ್ಲಿ ಕ್ರಮ ಹೀಗೆ ಇದ್ದರೆ ಒಳ್ಳೆಯದು: ಮೊದಲು ಊರಿನ ಮಾತಿನಲ್ಲಿ ಕಥೆ ಹೇಳುವುದು, ಆಮೇಲೆ ಬರಹದ ಕನ್ನಡದಲ್ಲಿ ಓದಿಸುವುದು.

ಪದಕೋಶ ಎಂಬ ಪಟ್ಟಿ

ಇಲ್ಲಿ ನನ್ನದೇ ತಪ್ಪು ಹೇಳಬೇಕು. ಮೊದಲ ದಿನ ನಾನು ಮಾಡಿದ್ದು ‘ಕಠಿಣ ಪದಗಳ ಅರ್ಥ’ ಬರೆಸುವುದು. ಸಿಗಡಿ ಅಂದರೆ ಒಂದು ಬಗೆಯ ಮೀನು ಅಂತ ಬರೆಸಿದೆ. ಬ್ಯಾರಿ ಹುಡುಗ ನಕ್ಕುಬಿಟ್ಟ. ಸಿಗಡಿಗೆ ಕಾಲುಂಟು, ಮೀನಿಗೆ ಎಲ್ಲಿ ಕಾಲು ಅಂದ. ತುಳುವಿನ ಹುಡುಗಿ ‘ಎಟ್ಟಿ’ ಅಂದಳು. ಮಲಯಾಳದವಳು ‘ಚೆಮ್ಮೀನ್’ ಅಂದಳು. ಹವ್ಯಕರ ಹುಡುಗ ಮಾತ್ರ ಸುಮ್ಮನಿದ್ದ, ಅವನು ನೋಡಿಯೇ ಇರಲಿಲ್ಲ. ಅವನಿಗೆ ಉಳಿದ ಐವರೂ ಸೇರಿ ಪಾಠ ಮಾಡಿದರು. ಪರೀಕ್ಷೆಯಲ್ಲಿ ಯಾವಾಗಲೂ ಹೆಚ್ಚು ಅಂಕ ಅವನಿಗೆ. ಆ ದಿನ ಮಾತ್ರ ತಿಳಿದವರು ಬೇರೆಯವರಾಗಿದ್ದರು.

ಈ ಕಥೆಯನ್ನು ಹೇಳುವಾಗ ಸಿಗಡಿಯನ್ನು ತೆಗೆದು ‘ಹಪ್ಪಳ’ ಮಾಡುವವರನ್ನು ನೋಡಿದ್ದೇನೆ. ಹಲಸಿನ ಹಪ್ಪಳವೂ ನಮ್ಮ ಅಂಗಳದಲ್ಲಿ ಒಣಗುವುದೇ, ಕಥೆ ಮುರಿಯುವುದಿಲ್ಲ. ಮುರಿಯುವುದು ಬೇರೆ ಏನೋ. ಕನ್ನಡದ ಕಥೆಯಲ್ಲಿ ತನ್ನ ಮನೆಯ ಅಡುಗೆಯನ್ನು ಕಾಣುವ ಮಗುವಿನ ಅಪರೂಪದ ಹಕ್ಕು ಹೋಗುತ್ತದೆ.

ಪಟ್ಟಿಯ ಇನ್ನೊಂದು ದೋಷ, ಅದು ನಾಮಪದಗಳನ್ನೇ ಹಿಡಿಯುತ್ತದೆ. ಕಥೆ ನಡೆಯುವುದು ಕ್ರಿಯಾಪದದಲ್ಲಿ, ‘ಅಡ್ಡ’ ಎಂಬಂಥ ಚಿಕ್ಕ ಮಾತಿನಲ್ಲಿ. ‘ಅಡ್ಡ ಬಂತು’ ತಿಳಿಯದಿದ್ದರೆ ನೆರಳು ತಿಳಿಯುವುದಿಲ್ಲ, ನೆರಳು ತಿಳಿಯದಿದ್ದರೆ ಒಣಗದ ಕಾರಣ ತಿಳಿಯುವುದಿಲ್ಲ. ನಮ್ಮ ಕಡೆ ಮಗು ಅಳುವುದಿಲ್ಲ, ‘ಕೂಗುತ್ತದೆ’. ನಮ್ಮಜ್ಜಿಯ ಕಥೆಯಲ್ಲೂ ಮಗು ಕೂಗಿತು. ಪುಸ್ತಕದ ಕನ್ನಡದಲ್ಲಿ ಕೂಗುವುದು ಅಂದರೆ ಗಟ್ಟಿಯಾಗಿ ಕರೆಯುವುದು. ಎರಡೂ ಕನ್ನಡವೇ. ‘ಕೂಗಿತು’ ತಪ್ಪು, ‘ಅತ್ತಿತು’ ಸರಿ ಅಂತ ತಿದ್ದುವ ಬದಲು ಎರಡನ್ನೂ ಹಲಗೆಯಲ್ಲಿ ಬರೆದರೆ ಒಂದು ಶಬ್ದ ಹೋಗದೆ ಇನ್ನೊಂದು ಬರುತ್ತದೆ.

ಮನೆಮಾತು ಅಡ್ಡಿ ಅಂತ ತಿಳಿಯುವ ಅಭ್ಯಾಸವೂ ಇಲ್ಲಿ ಸಡಿಲವಾಗಬೇಕು. ಮಲಯಾಳದ ‘ಪುಲ್ಲ್’ ನಮ್ಮ ಹುಲ್ಲು. ‘ಪಾಲ್’ ಹಾಲು. ‘ಪುಲಿ’ ಹುಲಿ. ಪಕಾರ ಹಕಾರವಾದದ್ದನ್ನು ನಾವು ಎಂ.ಎ.ಯಲ್ಲಿ ಹಳಗನ್ನಡ ಓದುವಾಗ ಕಲಿಯುತ್ತೇವೆ. ಆ ಹುಡುಗಿ ಮೂರು ಜೋಡಿ ಬರೆದ ಮೇಲೆ ನಾಲ್ಕನೆಯದನ್ನು ತಾನೇ ಹೇಳಿದಳು. ಪಂಜೆಯವರ ಮನೆಮಾತು ಕೊಂಕಣಿ. ಮಂಜೇಶ್ವರದ ಗೋವಿಂದ ಪೈಗಳದೂ ಅದೇ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಮನೆಯಲ್ಲಿ ಬೇರೆ ಮಾತಾಡಿ ಕನ್ನಡವನ್ನು ಓದಿ ಪಡೆದವರೇ ನಮ್ಮ ಕಡೆಯ ಕನ್ನಡವನ್ನು ಕಟ್ಟಿದ್ದಾರೆ.

ಮಗು ಯಾಕೆ ಓದಲಿಲ್ಲ?

ಈ ಪ್ರಶ್ನೆಗೂ ನಮ್ಮಲ್ಲಿ ಒಂದು ಸರಪಳಿ ಸಿದ್ಧವಾಗಿದೆ. ಮಗು ಓದಲಿಲ್ಲ, ಟೀಚರಿಗೆ ಕನ್ನಡ ಬರಲಿಲ್ಲ. ಟೀಚರಿಗೆ ಯಾಕೆ ಬರಲಿಲ್ಲ, ನೇಮಕ ಮಾಡುವಾಗ ನೋಡಲಿಲ್ಲ. ಯಾಕೆ ನೋಡಲಿಲ್ಲ, ಮೇಲಿನವರಿಗೆ ನಮ್ಮ ಭಾಷೆ ಕಾಣಲಿಲ್ಲ. ಹೀಗೆ 1956ರ ನವೆಂಬರ್ 1ರವರೆಗೆ ಹೋಗಬಹುದು. ಇದರಲ್ಲಿ ಸುಳ್ಳಿಲ್ಲ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ಹಾಕಿದ್ದರ ವಿರುದ್ಧ ನಮ್ಮ ಜಿಲ್ಲೆಯಲ್ಲಿ ಪ್ರತಿಭಟನೆಗಳಾಗಿವೆ. ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡಿದ 2017ರ ಕಾನೂನಿನ ಚರ್ಚೆಯೂ ನಿಮಗೆ ಗೊತ್ತು. ಹೋರಾಟ ಬೇಕು.

ಆದರೆ ಆ ಸರಪಳಿಯಲ್ಲಿ ನಾವು ಪ್ರತಿಯೊಬ್ಬರೂ ಮುಂದಿನವರ ಕಡೆ ಬೆರಳು ತೋರಿಸಿ ತಪ್ಪಿಸಿಕೊಳ್ಳುತ್ತೇವೆ. ಕಥೆಯಲ್ಲಿರುವ ದನ, ಹುಡುಗ, ಅಜ್ಜಿ ಮಾಡಿದ್ದೂ ಅದನ್ನೇ. ಅಷ್ಟು ಹೊತ್ತಿಗೆ ಸಿಗಡಿ ಕೊಳೆತಿರುತ್ತದೆ. ಹಗ್ಗ ಬಿಚ್ಚಲು ಹುಡುಗ ಗಂಜಿಗಾಗಿ ಕಾಯಲೇಬೇಕಿತ್ತಾ? ಕನ್ನಡ ಎಂ.ಎ. ಓದಿದ ನಮಗೆ ಪ್ರಾಸ, ಅಲಂಕಾರ, ಸಿದ್ಧಾಂತ ಬರುತ್ತವೆ. ಒಂದು ಪುಟದಲ್ಲಿ ಎಷ್ಟು ವಿಜಾತೀಯ ಒತ್ತು ಇವೆ ಅಂತ ಎಣಿಸಿ, ಯಾವ ಕಥೆ ಯಾವ ತರಗತಿಗೆ ಆಗುತ್ತದೆ ಅಂತ ಹೇಳಲು ಬರುವುದಿಲ್ಲ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಸಂವಾದದಿಂದ

ಪ್ರಶ್ನೆ (ಅಧ್ಯಾಪಕರೊಬ್ಬರು): ಈಗಿನ ಮಕ್ಕಳು ದನದ ಹಗ್ಗ ಬಿಚ್ಚಿದವರಲ್ಲ, ಗಂಜಿ ಉಂಡವರೂ ಕಡಿಮೆ. ಈ ಕಥೆ ನಮ್ಮ ಹಳೆಯ ನೆನಪಿಗೆ ಮಾತ್ರ ಚೆಂದ ಅಲ್ಲವಾ?

ಉತ್ತರ: ಸರ್, ಗಂಜಿ ನಮ್ಮಲ್ಲಿ ಇನ್ನೂ ಉಂಟು. ಹಗ್ಗದ ವಿಷಯ ನೀವು ಹೇಳಿದ್ದು ಸರಿ, ಆರರಲ್ಲಿ ಇಬ್ಬರ ಮನೆಯಲ್ಲಿ ಮಾತ್ರ ದನ ಇತ್ತು. ಆದರೆ ಗೊತ್ತಿಲ್ಲದ್ದನ್ನು ಗೊತ್ತಿರುವುದರ ನಡುವೆ ಇಟ್ಟರೆ ಮಗು ಊಹಿಸಿಕೊಳ್ಳುತ್ತದೆ. ಎಲ್ಲವೂ ಗೊತ್ತಿರುವ ಕಥೆಯಿಂದ ಹೊಸ ಪದ ಬರುವುದಿಲ್ಲ. ಹೊಸ ಸರಪಳಿ ಕಥೆಗಳೂ ಬೇಕು, ಒಪ್ಪುತ್ತೇನೆ. ಬರೆಯುವವರು ಒತ್ತಕ್ಷರ ಎಣಿಸಿ ಬರೆಯಲಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ.

ಪ್ರಶ್ನೆ (ಮಡಕಶಿರಾ ಕಡೆಯ ವಿದ್ಯಾರ್ಥಿ): ನಮ್ಮಲ್ಲಿ ಇದೇ ಕಥೆಯನ್ನು ತೆಲುಗಿನಲ್ಲಿ ಏಳು ಮೀನಿನ ಕಥೆ ಅಂತ ಹೇಳ್ತಾರೆ. ಅದನ್ನ ಬಳಸಬಹುದಾ?

ಉತ್ತರ: ಖಂಡಿತ. ನಿಮಗೆ ನಮಗಿಂತ ಅನುಕೂಲ ಹೆಚ್ಚು. ಕಥೆ ಕಿವಿಯಲ್ಲಿ ಮೊದಲೇ ಇದೆ, ಲಿಪಿಯೂ ಅಣ್ಣತಮ್ಮಂದಿರ ಹಾಗೆ. ಕ, ತ, ಚ, ಶ ಹೀಗೆ ಕೆಲವು ಅಕ್ಷರ ಮತ್ತು ತಲಕಟ್ಟು ಬೇರೆ ಮಾಡಿ ತೋರಿಸಿದರೆ ಅರ್ಧ ಕೆಲಸ ಆಯಿತು. ತೆಲುಗಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಓದಿಸಿ. ನಿಮ್ಮ ಮಕ್ಕಳು ಎಲ್ಲಿ ಎಡವಿದರು ಅಂತ ಬರೆದು ಕಳಿಸಿ, ನಮ್ಮವರದರ ಜತೆ ಇಟ್ಟು ನೋಡೋಣ.