ಲಿನಕ್ಸ್ ಡ್ರೈವರುಗಳಲ್ಲಿ ಉಲ್ಲೇಖದ ಎಣಿಕೆ: ಒಂದು ವಿಮರ್ಶೆ

ಲಿನಕ್ಸಿನಲ್ಲಿ ಉಪಕರಣವೊಂದರ ದಾಖಲೆಯನ್ನು ಆಶ್ರಯಿಸುವ ಡ್ರೈವರು ‘ಗೆಟ್_ಡಿವೈಸ್’ ಎಂಬ ಕರೆಯಿಂದ ಉಲ್ಲೇಖದ ಎಣಿಕೆಯನ್ನು ಏರಿಸಿ, ಕೆಲಸ ಮುಗಿದ ಮೇಲೆ ‘ಪುಟ್_ಡಿವೈಸ್’ನಿಂದ ಇಳಿಸತಕ್ಕುದು, ಎಣಿಕೆ ಸೊನ್ನೆಯಾದಾಗಲೇ ಆ ದಾಖಲೆಯ ಮೆಮೊರಿ ಬಿಡುಗಡೆಯಾಗುವುದು. 2007ರಲ್ಲಿ ಸೇರಿದ ‘ಡೆವ್‌ರೆಸ್’ ಏರ್ಪಾಡು, ಡ್ರೈವರು ಪಡೆದುದನ್ನು ತಾನೇ ಹಿಂತಿರುಗಿಸಿ, ಬರೆಯುವವರ ಶ್ರಮವನ್ನು ತಗ್ಗಿಸಿತು. ಇದನ್ನು ನಾವು ಮೆಚ್ಚುತ್ತೇವೆ. ಆದರೆ ಅದು ಸರ್ವತ್ರ ಕ್ಷೇಮಕರವೆಂಬ ಭಾವನೆಯನ್ನು ಒಪ್ಪಲಾರೆವು. ಹಾಗೆ ಪಡೆದ ಮೆಮೊರಿಯ ಆಯುಸ್ಸು ಡ್ರೈವರಿಗೂ ಉಪಕರಣಕ್ಕೂ ಇರುವ ಸಂಬಂಧದೊಡನೆ ಮುಗಿಯುತ್ತದೆ, ಕೊನೆಯ ಬಳಕೆಯೊಡನೆ ಅಲ್ಲ. ಯುಎಸ್‌ಬಿ ಕ್ಯಾಮೆರಾವನ್ನು ಕಿತ್ತ ಮೇಲೂ ಅದರ ಕಡತವನ್ನು ತೆರೆದಿಟ್ಟ ಪ್ರೋಗ್ರಾಮು ಉಳಿದಿರಬಹುದು. ಅದು ಮುಂದೆ ಕಡತವನ್ನು ಮುಚ್ಚುವಾಗ, ಡ್ರೈವರು ಆಗಲೇ ಬಿಡುಗಡೆಯಾದ ಮೆಮೊರಿಯನ್ನು ಮುಟ್ಟೀತು. ಆದುದರಿಂದ ಉಪಕರಣದೊಡನೆಯೇ ಮುಗಿಯುವ ಸಂಪನ್ಮೂಲಗಳಿಗೆ ಡೆವ್‌ರೆಸ್ ಉಚಿತ. ತೆರೆದ ಕಡತವು ಆಶ್ರಯಿಸುವ ಮೆಮೊರಿಗೆ ಉಲ್ಲೇಖದ ಎಣಿಕೆಯೇ ಆಗಬೇಕು.