ಪಾಲಿಯೋಮಿನೋ: ಆಟದ ಎಣಿಕೆ, ಭೌತವಿಜ್ಞಾನದ ಎಣಿಕೆ

ಸಮ ಚೌಕಗಳನ್ನು ಅಂಚಿಗೆ ಅಂಚು ಸೇರಿಸಿ ಪಡೆದ ಅಖಂಡ ಆಕೃತಿಗೆ 'ಪಾಲಿಯೋಮಿನೋ' ಎಂಬ ಹೆಸರನ್ನು ಸೊಲೊಮನ್ ಗೊಲಂಬ್ 1953ರಲ್ಲಿ ಕೊಟ್ಟರು. ಅದೇ ಹೆಸರಿನ ಅವರ ಪುಸ್ತಕ 1965ರಲ್ಲಿ ಪ್ರಕಟವಾಗಿ, 1994ರಲ್ಲಿ ಪರಿಷ್ಕೃತಗೊಂಡಿತು. ರಟ್ಟು, ಕತ್ತರಿ ಹಿಡಿದ ಹೈಸ್ಕೂಲು ವಿದ್ಯಾರ್ಥಿಯೂ ಪ್ರವೇಶಿಸಬಹುದಾದ ಗಣಿತ ಗ್ರಂಥಗಳು ವಿರಳ, ಇದು ಅಂಥದೊಂದು. ಚದುರಂಗದ ಹಾಸಿನ ಕಪ್ಪು-ಬಿಳಿ ಬಣ್ಣದಿಂದಲೇ ಕೆಲವು ಜೋಡಣೆಗಳು ಅಸಾಧ್ಯವೆಂದು ಸಾಧಿಸುವ ಭಾಗಗಳು ತರಗತಿಗೆ ಹೇಳಿ ಮಾಡಿಸಿದಂತಿವೆ.

ಕೊರತೆ ಇರುವುದು ಒತ್ತಿನಲ್ಲಿ. ಒಗಟಿನ ತುಣುಕನ್ನು ತಿರುಗಿಸಬಹುದು, ಮಗುಚಬಹುದು. ಆದ್ದರಿಂದ ನಾಲ್ಕು ಚೌಕಗಳ ಆಕೃತಿಗಳು 5 ಎಂಬ ಉತ್ತರವೇ ಓದುಗನ ಮನಸ್ಸಿನಲ್ಲಿ ನಿಲ್ಲುತ್ತದೆ. ಮಗುಚದೆ ತಿರುಗಿಸಲು ಮಾತ್ರ ಬಿಟ್ಟರೆ ಉತ್ತರ 7. ಎರಡನ್ನೂ ನಿಷೇಧಿಸಿದರೆ 19. ಗೊಲಂಬ್ ಈ ಭೇದವನ್ನು ಅರಿಯದವರಲ್ಲ. ಆದರೆ ಪುಸ್ತಕದ ಒಲವು ಆಟದ ಕಡೆಗಿದೆ.

ಭೌತವಿಜ್ಞಾನಕ್ಕೆ ಬೇಕಾದುದು ಹೆಚ್ಚಾಗಿ 19. ನಮ್ಮ ಕ್ಯಾಸಂಬಳ್ಳಿಗೆ ಸಮೀಪದ ಕೋಲಾರ ಚಿನ್ನದ ಗಣಿಯಲ್ಲಿ, ಸುಮಾರು 2300 ಮೀಟರ್ ಆಳದಲ್ಲಿ, 1980ರ ದಶಕದಲ್ಲಿ ಪ್ರೊಟಾನ್ ಕ್ಷಯವನ್ನು ಹುಡುಕಿದ ಉಪಕರಣವಿತ್ತು. ಕಬ್ಬಿಣದ ಫಲಕಗಳ ನಡುವೆ ಕೌಂಟರುಗಳ ಸಾಲುಗಳು. ಕಣವೊಂದು ಹಾದರೆ ಅದರ ಜಾಡಿನ ಕೌಂಟರುಗಳು ಸಂಕೇತ ನೀಡುತ್ತಿದ್ದವು. ಇಂಥ ಜೋಡಣೆಯನ್ನು ಸರಳ ಚೌಕಜಾಲವೆಂದು ಭಾವಿಸೋಣ. ಪ್ರತಿ ಕೋಶವೂ p ಎಂಬ ಅತ್ಯಲ್ಪ ಸಂಭಾವ್ಯತೆಯಿಂದ ಸುಮ್ಮನೆ ಸಂಕೇತ ನೀಡಿದರೆ, ನಾಲ್ಕು ಕೋಶಗಳ ಹುಸಿ ಜಾಡುಗಳ ಸರಾಸರಿ, ಕೋಶವೊಂದಕ್ಕೆ, ಸುಮಾರು 19p⁴. ಇಲ್ಲಿ 5 ಬಳಸಿದರೆ ಅಂದಾಜು ನಾಲ್ಕು ಪಟ್ಟಿನಷ್ಟು ತಗ್ಗುತ್ತದೆ.

ಮೂರು ಆಯಾಮದಲ್ಲಿ ವಿಷಯ ಇನ್ನೂ ಸೂಕ್ಷ್ಮ. ನಾಲ್ಕು ಘನಗಳ ಆಕೃತಿಗಳು 8. ಅವುಗಳಲ್ಲಿ ಎರಡು ಎಡಗೈ-ಬಲಗೈಗಳಂತೆ ಪರಸ್ಪರ ಪ್ರತಿಬಿಂಬಗಳು. ಅವನ್ನು ಒಂದೆಂದು ಗಣಿಸಿದರೆ 7. ಕೈಯಲ್ಲಿ ಹೇಗೆ ತಿರುಗಿಸಿದರೂ ಒಂದು ಇನ್ನೊಂದಾಗದು.

ಯಾವುದೇ ಸಂಖ್ಯೆಯ ಚೌಕಗಳಿಗೆ ಅನ್ವಯಿಸುವ ಸೂತ್ರ ಈವರೆಗೆ ದೊರೆತಿಲ್ಲ. ಆದರೆ ಆರಂಭದ ಕೋಶದಿಂದ ಬಲಕ್ಕೆ ಅಥವಾ ಮೇಲಕ್ಕೆ ಮಾತ್ರ ಸಾಗಿ ಎಲ್ಲ ಕೋಶಗಳನ್ನೂ ತಲುಪಬಹುದಾದ ಆಕೃತಿಗಳ ಎಣಿಕೆ (1, 2, 5, 13, 35...) ಭೌತವಿಜ್ಞಾನಿಗಳಿಂದಲೇ ಬಗೆಹರಿಯಿತು. 1982ರಲ್ಲಿ ದೀಪಕ್ ಧರ್ ಈ ಸಮಸ್ಯೆಯನ್ನು ಬ್ಯಾಕ್ಸ್ಟರ್ ಅವರ ಜಾಲಕ-ಅನಿಲ ಮಾದರಿಗೆ ಸಮೀಕರಿಸಿದರು. ಪುಸ್ತಕವನ್ನು ಓದಿದವರು ಮುಂದೆ ಇಡಬೇಕಾದ ಹೆಜ್ಜೆ ಈ ದಿಕ್ಕಿನದು.

ಶಿಕ್ಷಕರಿಗೊಂದು ಸಲಹೆ: ಗ್ರಾಫ್ ಹಾಳೆ ಕೊಟ್ಟು 'ಎಷ್ಟು ಆಕೃತಿಗಳು?' ಎಂದು ಕೇಳುವ ಮುನ್ನ, 'ಯಾವುವನ್ನು ಒಂದೇ ಎನ್ನುತ್ತೀರಿ, ಏಕೆ?' ಎಂದು ಕೇಳಿ. 5, 7, 19 ಮೂರೂ ಸರಿಯುತ್ತರಗಳೇ. ಪ್ರಶ್ನೆಗಳು ಮಾತ್ರ ಬೇರೆ ಬೇರೆ.